ಕ್ಲಾರಾ ಕಾಂಪೊಅಮೋರ್: 1933ರ ಸೋಲಿಗೆ ಹೆಂಗಸರ ವೋಟೇ ಕಾರಣ ಅನ್ನೋದು ನಿಜವಾ?

ಬೆಳಗಿನ ಟ್ರೈನು ಕೇಳಿದ್ದು:

ಮ್ಯಾಡ್ರಿಡ್‌ಗೆ ಕೆಲಸಕ್ಕೆ ಬಂದು ಎರಡು ವರ್ಷ ಆಯ್ತು. ದಿನಾ ಬೆಳಿಗ್ಗೆ ಇಳಿಯೋದು ಚಮಾರ್ತಿನ್ ಸ್ಟೇಷನ್ನಲ್ಲಿ. ಅದರ ಪೂರ್ತಿ ಹೆಸರು 'ಮ್ಯಾಡ್ರಿಡ್ ಚಮಾರ್ತಿನ್ ಕ್ಲಾರಾ ಕಾಂಪೊಅಮೋರ್'. ಬೋರ್ಡಿನ ಮೇಲೆ ದಿನಾ ಕಣ್ಣು ಹಾಯಿಸಿದರೂ ಆ ಹೆಸರು ಯಾರದ್ದು ಅಂತ ವಿಚಾರಿಸಿರಲಿಲ್ಲ.

ಕಳೆದ ವಾರ ಊಟದ ಹೊತ್ತಲ್ಲಿ ಆಫೀಸಿನವರನ್ನು ಕೇಳಿದೆ. ಒಬ್ಬರು ಹೇಳಿದ್ದು ಇಷ್ಟು: ಸ್ಪೇನಿನ ಹೆಂಗಸರಿಗೆ 1931ರಲ್ಲಿ ವೋಟು ಕೊಡಿಸಿದ ರಾಜಕಾರಣಿ ಈಕೆ. ಆದರೆ ಆ ವೋಟು ಬಂದ ಮೊದಲ ಚುನಾವಣೆಯಲ್ಲೇ ಬಲಪಂಥದವರು ಗೆದ್ದರು, ಈಕೆಯ ಸೀಟೂ ಹೋಯ್ತು. ಹೆಂಗಸರು ಪಾದ್ರಿ ಹೇಳಿದ ಕಡೆ ವೋಟು ಹಾಕಿದರು, ರಿಪಬ್ಲಿಕ್ಕಿಗೆ ಪೆಟ್ಟು ಬಿದ್ದಿದ್ದೇ ಅಲ್ಲಿಂದ. ಮೇಜಿನ ಸುತ್ತ ಇದ್ದವರೆಲ್ಲ ಹೌದು ಹೌದು ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಆದರೆ ಎದುರಾಡೋಕೆ ಗೊತ್ತಿರಬೇಕಲ್ಲ?

ಇಲ್ಲಿ ಯಾರಾದರೂ ಆ ಕಾಲದ ಸ್ಪೇನಿನ ರಾಜಕೀಯ ಓದಿಕೊಂಡಿದ್ದೀರಾ? ಈಕೆ ಯಾರು, ಎಲ್ಲಿಂದ ಬಂದವರು, ಆ 1933ರ ಮಾತು ಎಷ್ಟು ನಿಜ? ಸ್ವಲ್ಪ ವಿವರವಾಗಿ ಹೇಳಿ, ದಯವಿಟ್ಟು.

---

ದುಭಾಷಿ ಬರೆದದ್ದು:

ನೀವು ಈ ಪ್ರಶ್ನೆ ಕೇಳಿದ್ದು ನನಗೆ ತುಂಬ ಸಂತೋಷ. ನಾನು ಮ್ಯಾಡ್ರಿಡ್‌ನ ಕೋರ್ಟುಗಳಲ್ಲಿ ಹನ್ನೊಂದು ವರ್ಷದಿಂದ ದುಭಾಷಿ ಕೆಲಸ ಮಾಡ್ತಿದ್ದೀನಿ. ಮೊದಲ ವರ್ಷ ಸ್ಪ್ಯಾನಿಷ್ ನಾಲಿಗೆಗೆ ಕೂರಲಿ ಅಂತ, ರಾತ್ರಿ ಹೊತ್ತು ಇಲ್ಲಿನ ಸಂಸತ್ತಿನ ಹಳೇ ಕಲಾಪದ ವರದಿಗಳನ್ನು ಜೋರಾಗಿ ಓದುತ್ತಿದ್ದೆ. ಹಾಗೆ ಓದ್ತಾ ಓದ್ತಾ 1931ರ ಅಕ್ಟೋಬರ್ 1ರ ವರದಿ ಸಿಕ್ಕಿತು. ಒಂದೇ ಸಲಕ್ಕೆ ಕೊನೇವರೆಗೂ ಓದಿ ಮುಗಿಸಿದೆ, ಮಲಗುವಾಗ ಎರಡು ಗಂಟೆ. ಅವತ್ತಿನಿಂದ ಕ್ಲಾರಾ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೀನಿ.

ಮೊದಲು ನೇರವಾದ ಉತ್ತರ. 1933ರಲ್ಲಿ ಹೆಂಗಸರು ಮೊದಲ ಸಲ ವೋಟು ಹಾಕಿದ್ದು ನಿಜ, ಬಲಪಂಥ ಗೆದ್ದಿದ್ದೂ ನಿಜ. ಒಂದರಿಂದಲೇ ಇನ್ನೊಂದಾಯಿತು ಅನ್ನೋದು ಮಾತ್ರ ಸೋತವರು ಕಟ್ಟಿದ ಮಾತು. ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದಲು ಆಕೆ ಯಾರು ಅನ್ನೋದು ಗೊತ್ತಾಗಬೇಕು.

ಹುಟ್ಟಿದ್ದು 1888ರ ಫೆಬ್ರವರಿ 12, ಇದೇ ಮ್ಯಾಡ್ರಿಡ್‌ನಲ್ಲಿ, ಈಗ ನಾವು ಮಲಸಾನ್ಯಾ ಅನ್ನೋ ಕೇರಿಯಲ್ಲಿ. ಆಗ ಬೀದಿಯ ಹೆಸರು ರುಬಿಯೊ, ಈಗ ಮಾರ್ಕೆಸ್ ದೆ ಸಾಂತಾ ಆನಾ. ತಂದೆ ಒಂದು ಪತ್ರಿಕೆಯಲ್ಲಿ ಲೆಕ್ಕ ಬರೆಯುತ್ತಿದ್ದವರು, ತಾಯಿ ಹೊಲಿಗೆ ಕೆಲಸದವರು. ತಂದೆ ತೀರಿಕೊಂಡಾಗ ಕ್ಲಾರಾ ಇನ್ನೂ ಚಿಕ್ಕ ಹುಡುಗಿ. ಓದು ಅಲ್ಲಿಗೇ ನಿಂತಿತು. ತಾಯಿಯ ಜೊತೆ ಹೊಲಿಗೆ, ಆಮೇಲೆ ಅಂಗಡಿಯಲ್ಲಿ ಕೆಲಸ.

1909ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಪರೀಕ್ಷೆ ಬರೆದು ಟೆಲಿಗ್ರಾಫ್ ಇಲಾಖೆಗೆ ಸಹಾಯಕಿಯಾಗಿ ಸೇರಿದರು. ಕೆಲವು ತಿಂಗಳು ಸರಗೋಸಾ, ಆಮೇಲೆ ಸಾನ್ ಸೆಬಾಸ್ಟಿಯನ್. 1914ರಲ್ಲಿ ಇನ್ನೊಂದು ಸರ್ಕಾರಿ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು, ಮ್ಯಾಡ್ರಿಡ್‌ಗೆ ವಾಪಸ್ಸು. ವಯಸ್ಕರ ಶಾಲೆಯಲ್ಲಿ ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿಸೋ ಕೆಲಸ. ಬೇರೆ ವಿಷಯ ಕಲಿಸುವ ಹಾಗಿಲ್ಲ, ಯಾಕೆಂದರೆ ಶಾಲೆಯ ಸರ್ಟಿಫಿಕೇಟೇ ಇಲ್ಲ! ಮೊದಲ ಸ್ಥಾನ ಬಂದವರಿಗೆ ಈ ಗೋಡೆ. ಸರಿ, ಮೂವತ್ತು ದಾಟಿದ ಮೇಲೆ ಮತ್ತೆ ಓದಲು ಕೂತರು. ಹಗಲು ಪಾಠ, ಪತ್ರಿಕೆಯೊಂದರಲ್ಲಿ ಸೆಕ್ರೆಟರಿ ಕೆಲಸ, ಉಳಿದ ಹೊತ್ತು ಓದು. 1923ಕ್ಕೆ ಶಾಲಾ ಶಿಕ್ಷಣ ಮುಗಿಯಿತು, 1924ಕ್ಕೆ ಕಾನೂನು ಪದವಿ. ಆಗ ವಯಸ್ಸು ಮೂವತ್ತಾರು. ಮರುವರ್ಷ ಮ್ಯಾಡ್ರಿಡ್ ವಕೀಲರ ಸಂಘದಲ್ಲಿ ಹೆಸರು ನೋಂದಣಿ. ಅದೇ ವರ್ಷ ಅಲ್ಲೇ ನೋಂದಣಿಯಾದ ಇನ್ನೊಬ್ಬ ಮಹಿಳೆ ವಿಕ್ಟೋರಿಯಾ ಕೆಂಟ್. ಈ ಹೆಸರು ನೆನಪಿಟ್ಟುಕೊಳ್ಳಿ.

ನಾನು ಇದನ್ನೆಲ್ಲ ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಸಂಸತ್ತಿನಲ್ಲಿ ಕೂತವರಲ್ಲಿ ಬಹಳ ಜನ ಪ್ರೊಫೆಸರುಗಳು, ವೈದ್ಯರು, ಹೆಸರಾಂತ ಲೇಖಕರು. ಹೊಲಿದು, ತಂತಿ ಬಡಿದು, ಟೈಪ್ ಮಾಡಿ ದುಡಿದು ತಿಂದ ಹೆಂಗಸಿನ ಬದುಕು ಹೇಗಿರುತ್ತೆ ಅಂತ ಆ ಸಭೆಯಲ್ಲಿ ಆಕೆಗೆ ಗೊತ್ತಿದ್ದಷ್ಟು ಮತ್ಯಾರಿಗೂ ಗೊತ್ತಿರಲಿಲ್ಲ. ಅದು ಆಕೆಯ ಮಾತಿನಲ್ಲಿ ಕೇಳಿಸುತ್ತೆ.

1931ರ ಏಪ್ರಿಲ್ 14ಕ್ಕೆ ರಾಜನ ಆಳ್ವಿಕೆ ಹೋಗಿ ರಿಪಬ್ಲಿಕ್ ಬಂತು. ಸಂವಿಧಾನ ಬರೆಯೋ ಸಭೆಗೆ ಚುನಾವಣೆ ಜೂನ್‌ನಲ್ಲಿ. ಅದಕ್ಕೆ ಮೊದಲು ಮೇ ತಿಂಗಳಲ್ಲಿ ಹೊರಟ ಆದೇಶದಲ್ಲಿ ಒಂದು ವಿಚಿತ್ರ ಇತ್ತು: ಹೆಂಗಸರು ಚುನಾವಣೆಗೆ ನಿಲ್ಲಬಹುದು, ಆದರೆ ವೋಟು ಹಾಕುವಂತಿಲ್ಲ. ಕ್ಲಾರಾ ಅಲೆಹಾಂದ್ರೊ ಲೆರ್ರೂ ಅವರ ರ‍್ಯಾಡಿಕಲ್ ಪಕ್ಷದಿಂದ ಮ್ಯಾಡ್ರಿಡ್ ಪ್ರಾಂತ್ಯದಲ್ಲಿ ನಿಂತು ಗೆದ್ದರು. ಕೆಂಟ್ ರ‍್ಯಾಡಿಕಲ್ ಸೋಷಲಿಸ್ಟ್ ಪಕ್ಷದಿಂದ ಗೆದ್ದರು. 470 ಜನರ ಸಭೆಯಲ್ಲಿ ಶುರುವಿಗೆ ಇಬ್ಬರೇ ಹೆಂಗಸರು. ಮೂರನೆಯವರು, ಸಮಾಜವಾದಿ ಪಕ್ಷದ ಮಾರ್ಗರಿಟಾ ನೆಲ್ಕೆನ್, ಬಂದದ್ದು ಆಮೇಲೆ. ಸಂವಿಧಾನದ ಕರಡು ಸಮಿತಿಯ 21 ಜನರಲ್ಲಿ ಕ್ಲಾರಾ ಒಬ್ಬರೇ ಹೆಂಗಸು.

ಕರಡಿನಲ್ಲಿ ಸ್ತ್ರೀ ಪುರುಷರಿಬ್ಬರಿಗೂ ಸಮಾನ ಮತದ ಹಕ್ಕು ಸೇರಿತು. ಅಲ್ಲಿಂದ ಅದನ್ನು ಕಿತ್ತು ಹಾಕಲು ಒಂದರ ಮೇಲೊಂದು ಪ್ರಯತ್ನ. ಗಲೀಸಿಯಾ ಕಡೆಯ ನೋವೋವಾ ಸಾಂತೋಸ್ ಅನ್ನೋ ವೈದ್ಯ ಎದ್ದು, ಹೆಂಗಸು ಅಂದರೆ ಬರೀ ಭಾವಾವೇಶ, ವಿಮರ್ಶಾ ಬುದ್ಧಿ ಅಲ್ಲ, ಹಿಸ್ಟೀರಿಯಾ ಅನ್ನೋದು ಆಕೆಯ ರಚನೆಯಲ್ಲೇ ಇದೆ ಅನ್ನೋ ಅರ್ಥದಲ್ಲಿ ವಾದ ಮಾಡಿದರು. ಆಯುಸೊ ಅನ್ನೋ ಸದಸ್ಯರು ಗಂಡಸರಿಗೆ 23ಕ್ಕೆ ವೋಟು, ಹೆಂಗಸರಿಗೆ 45 ತುಂಬಿದ ಮೇಲೆ ಅಂತ ತಿದ್ದುಪಡಿ ತಂದರು. ಕ್ಲಾರಾ ಅವರ ಸ್ವಂತ ಪಕ್ಷದ ನಾಯಕರು ಇನ್ನೊಂದು ದಾರಿ ಹುಡುಕಿದರು: ಹಕ್ಕನ್ನು ಸಂವಿಧಾನದಲ್ಲಿ ಬರೆಯೋದು ಬೇಡ, ಚುನಾವಣಾ ಕಾಯ್ದೆಗೆ ಬಿಡೋಣ. ಕಾಯ್ದೆ ಅಂದರೆ ಬೇಡ ಅನ್ನಿಸಿದ ದಿನ ವಾಪಸ್ ತಗೋಬಹುದು. ಈ ಮೂರನೆಯದ್ದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು. ಮೊದಲ ಎರಡಕ್ಕೆ ನಗಬಹುದು, ಇದಕ್ಕೆ ನಗೋಕಾಗಲ್ಲ.

ಇನ್ನು ಅಕ್ಟೋಬರ್ 1. ಮೊದಲು ಎದ್ದದ್ದು ವಿಕ್ಟೋರಿಯಾ ಕೆಂಟ್. ಹೆಂಗಸರಿಗೆ ವೋಟು ಬೇಡ ಅಂತಲ್ಲ, ಈಗ ಬೇಡ, ಮುಂದೂಡೋಣ ಅಂದರು. ಸ್ಪೇನಿನ ಹೆಂಗಸರೆಲ್ಲ ಕೆಲಸಗಾರರಾಗಿದ್ದರೆ, ಯೂನಿವರ್ಸಿಟಿ ಮೆಟ್ಟಿಲು ಹತ್ತಿದವರಾಗಿದ್ದರೆ, ಇಡೀ ಸಭೆಯ ಎದುರು ನಿಂತು ನಾನೇ ಅವರಿಗೆ ವೋಟು ಕೇಳುತ್ತಿದ್ದೆ ಅಂದರು. ಈ ಮಾತು ಹೇಳೋವಾಗ ಆಕೆಗೂ ಸಂಕಟ ಆಗಿದೆ ಅಂತ ಓದಿದರೆ ತಿಳಿಯುತ್ತೆ.

ಆಮೇಲೆ ಕ್ಲಾರಾ. ವರದಿಯ ಪುಟದಲ್ಲಿ ಆಕೆಯ ಪ್ರತಿ ನಾಲ್ಕು ಸಾಲಿಗೆ ಒಮ್ಮೆ 'ಗದ್ದಲ', 'ನಗು' ಅಂತ ಕಂಸದಲ್ಲಿ ಬರುತ್ತೆ. ಸಭೆಯ ಶೀಘ್ರಲಿಪಿಯವರು ಹಾಗೆ ಗುರುತು ಹಾಕಿಕೊಂಡಿದ್ದಾರೆ. ಹದಿನೇಳು ವರ್ಷ ಹಿಂದೆ ಶೀಘ್ರಲಿಪಿ ಕಲಿಸೋಕೆ ಸೇರಿದ್ದ ಹೆಂಗಸು ಮಾತಾಡ್ತಿದ್ದಾರೆ, ಅದೇ ವಿದ್ಯೆಯವರು ಕೆಳಗೆ ಕೂತು ಹಿಡಿದಿಡುತ್ತಿದ್ದಾರೆ. ಇನ್ನೊಬ್ಬರ ಮಾತನ್ನು ಒಂದು ಪದವೂ ಬಿಡದೆ ದಾಟಿಸೋದು ನನ್ನ ಹೊಟ್ಟೆಪಾಡು. ಆ ಪುಟ ಓದುವಾಗ ಅವರ ಬಗ್ಗೆ ನನಗೆ ಕೈಮುಗಿಯಬೇಕು ಅನ್ನಿಸುತ್ತೆ.

ಹೆಂಗಸರು ರಿಪಬ್ಲಿಕ್ಕಿಗಾಗಿ ಏನೂ ಮಾಡಿಲ್ಲ, ಮಾಡಿ ತೋರಿಸಿದ ಮೇಲೆ ಬಹುಮಾನವಾಗಿ ವೋಟು ಕೊಡೋಣ ಅನ್ನುತ್ತೀರಲ್ಲ, ಕ್ಯೂಬಾ ಯುದ್ಧದ ಕಾಲದಲ್ಲಿ ಸರಗೋಸಾದಲ್ಲಿ ಎದ್ದು ಪ್ರತಿಭಟಿಸಿದವರು ಯಾರು? ಮೊರೊಕ್ಕೊದ ಆನ್ವಾಲ್‌ನಲ್ಲಿ ಸ್ಪೇನಿನ ಸೈನ್ಯ ನೆಲಕಚ್ಚಿದ ದುರಂತಕ್ಕೆ ಯಾರು ಹೊಣೆ ಅಂತ ಕೇಳೋ ಮೆರವಣಿಗೆಯಲ್ಲಿ ಗಂಡಸರಿಗಿಂತ ಹೆಚ್ಚಿದ್ದವರು ಯಾರು? ಹೀಗೆ ಕೇಳ್ತಾ ಹೋದರು. ಹೆಂಗಸರು ಅವಿದ್ಯಾವಂತರು ಅನ್ನೋ ವಾದಕ್ಕೆ ಲೆಕ್ಕ ಇಟ್ಟುಕೊಂಡೇ ಬಂದಿದ್ದರು. 1868ರಿಂದ 1910ರವರೆಗೆ ಓದು ಬರಹ ಬಾರದ ಗಂಡಸರ ಸಂಖ್ಯೆ 73,082 ಹೆಚ್ಚಿದೆ, ಹೆಂಗಸರ ಸಂಖ್ಯೆ 48,098 ಇಳಿದಿದೆ, ಹಾಗಾದರೆ ಯಾರ ವೋಟು ತಡೆಯಬೇಕು? ತಾನು ಹೆಂಗಸು ಅನ್ನೋದಕ್ಕಿಂತ ಮೊದಲು ಪ್ರಜೆ ಅಂದರು. ಸ್ವಾತಂತ್ರ್ಯಕ್ಕೆ ಮಾಗಬೇಕಾದರೆ ಅದರೊಳಗೇ ನಡೆಯಬೇಕು, ಬೇರೆ ದಾರಿ ಇಲ್ಲ ಅಂದರು. ಹೆಂಗಸನ್ನು ಹೊರಗೆ ನಿಲ್ಲಿಸಿದರೆ ಸಂಪ್ರದಾಯಸ್ಥಳು ಸರ್ವಾಧಿಕಾರದಲ್ಲಿ ಆಸೆ ಇಟ್ಟುಕೊಳ್ಳುತ್ತಾಳೆ, ಮುಂದುವರಿದವಳು ಕಮ್ಯುನಿಸಮ್ಮಿನಲ್ಲಿ, ರಿಪಬ್ಲಿಕ್ಕಿಗೆ ಇಬ್ಬರೂ ಉಳಿಯೋದಿಲ್ಲ ಅಂತ ಎಚ್ಚರಿಸಿದರು.

ಮತಕ್ಕೆ ಹಾಕಿದಾಗ ಪರ 161, ವಿರುದ್ಧ 121. 188 ಜನ ಸಭೆಯಲ್ಲೇ ಇಲ್ಲ, ಇಲ್ಲವೇ ಮತ ಹಾಕಲಿಲ್ಲ. ಹೆಚ್ಚಿನ ಸಮಾಜವಾದಿಗಳು, ಬಲಪಂಥದವರು, ಕತಲೋನಿಯಾದ ರಿಪಬ್ಲಿಕನ್ನರು ಪರ. ಆಕೆಯ ರ‍್ಯಾಡಿಕಲ್ ಪಕ್ಷ ವಿರುದ್ಧ. ಸಮಾಜವಾದಿ ಮುಖಂಡ ಪ್ರಿಯೆಟೊ, ಇದು ರಿಪಬ್ಲಿಕ್ಕಿಗೆ ಹಾಕಿದ ಚೂರಿ ಅಂತ ಸಿಟ್ಟಾದರು, ಅವರ ಪಕ್ಷದವರೇ ಪರ ಮತ ಹಾಕಿದ್ದರೂ.

ಅಲ್ಲಿಗೂ ಮುಗಿಯಲಿಲ್ಲ. ಡಿಸೆಂಬರ್ 1ಕ್ಕೆ ಮತ್ತೆ ಒಂದು ಪ್ರಯತ್ನ: ಹಕ್ಕು ಇರಲಿ, ಆದರೆ ಮೊದಲು ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮಾತ್ರ, ಸಂಸತ್ತಿಗೆ ಆಮೇಲೆ. ಅದು ಬಿದ್ದದ್ದು 131ಕ್ಕೆ 127ರಿಂದ. ನಾಲ್ಕು ಮತ! ಸ್ಟೇಷನ್ನಿನ ಬೋರ್ಡು ನೋಡಿದಾಗೆಲ್ಲ ನನಗೆ ಈ ನಾಲ್ಕು ನೆನಪಾಗುತ್ತೆ.

ಈಗ 1933ಕ್ಕೆ ಬರೋಣ. ನವೆಂಬರ್ 19ರ ಚುನಾವಣೆ. ಹಿಲ್ ರೋಬ್ಲೆಸ್ ನಾಯಕತ್ವದ ಸೇದಾ ಅನ್ನೋ ಬಲಪಂಥದ ಕ್ಯಾಥೊಲಿಕ್ ಒಕ್ಕೂಟಕ್ಕೆ ಎಲ್ಲರಿಗಿಂತ ಹೆಚ್ಚು ಸೀಟು, ಅದೇ ಸೆಪ್ಟೆಂಬರ್‌ವರೆಗೆ ಪ್ರಧಾನಿಯಾಗಿದ್ದ ರಿಪಬ್ಲಿಕನ್ ಮುಖಂಡ ಅಸಾನ್ಯಾ ಅವರ ಪಕ್ಷಕ್ಕೆ ಐದೇ ಐದು. ಆದರೆ ಅದಕ್ಕೆ ಮೊದಲು ಏನೇನಾಗಿತ್ತು ನೋಡಿ. 1931ರಲ್ಲಿ ರಿಪಬ್ಲಿಕನ್ನರು, ಸಮಾಜವಾದಿಗಳು ಒಂದೇ ಪಟ್ಟಿಯಲ್ಲಿ ನಿಂತಿದ್ದರು. 1933ರಲ್ಲಿ ಜಗಳವಾಡಿಕೊಂಡು ಹೆಚ್ಚಿನ ಕಡೆ ಬೇರೆ ಬೇರೆ ನಿಂತರು. ಚುನಾವಣಾ ಕಾಯ್ದೆ ಮುಂದಿರುವ ಪಟ್ಟಿಗೆ ಆ ಕ್ಷೇತ್ರದ ಬಹುಪಾಲು ಸೀಟು ಕೊಡುತ್ತಿತ್ತು. ಆ ಕಾಯ್ದೆ ಮಾಡಿದವರು ಇವರೇ, ಒಂದಾಗಿ ನಿಂತವರಿಗೆ ಅನುಕೂಲ ಆಗಲಿ ಅಂತ. ಒಂದಾಗಿ ನಿಂತದ್ದು ಬಲಪಂಥ. ಇನ್ನು ಆ ವರ್ಷ ಜನವರಿಯಲ್ಲಿ ಕಾದಿಸ್ ಪ್ರಾಂತ್ಯದ ಕಾಸಾಸ್ ವಿಯೆಹಾಸ್ ಹಳ್ಳಿಯಲ್ಲಿ ದಂಗೆ ಎದ್ದ ಬಡ ರೈತರನ್ನು ಸರ್ಕಾರದ ಪೊಲೀಸರು ಕೊಂದಿದ್ದರು. ಅನಾರ್ಕಿಸ್ಟರ ಸಂಘಟನೆ ಸಿಎನ್‌ಟಿ ಯಾರಿಗೂ ವೋಟು ಹಾಕಬೇಡಿ ಅಂತ ಊರೂರಿಗೆ ಪ್ರಚಾರ ಮಾಡಿತು. ಕಾದಿಸ್, ಸೆವಿಯಾ ಕಡೆ ಮತಗಟ್ಟೆಗೆ ಬಂದವರೇ ಕಡಿಮೆ.

ಇಲ್ಲಿ ನನ್ನ ಪಕ್ಕದ ಮನೆಯ ಅಜ್ಜಿಯ ಮಾತು ಹೇಳಲೇಬೇಕು. ಅವರು ಹುಟ್ಟೋಕೆ ಮೊದಲಿನ ಕಥೆ, ತಾಯಿಯಿಂದ ಕೇಳಿದ್ದು. ತಂದೆ ಗಾರೆ ಕೆಲಸದವರು, ಸಿಎನ್‌ಟಿ ಸದಸ್ಯರು. 1933ರಲ್ಲಿ ಅವರು ಮನೆಯಲ್ಲೇ ಕೂತರು. ತಾಯಿ ಒಬ್ಬರೇ ಹೋಗಿ ಸಮಾಜವಾದಿಗಳಿಗೆ ವೋಟು ಹಾಕಿ ಬಂದರು. ದಾರಿಯಲ್ಲಿ ಸಿಕ್ಕವರು ಕೇಳಿದ್ದಕ್ಕೆ ಮೀನು ತರೋಕೆ ಹೋಗಿದ್ದೆ ಅಂದರಂತೆ, ಅವತ್ತು ಭಾನುವಾರ, ಅಂಗಡಿಯೇ ಇಲ್ಲ. ಆ ಮನೆಯಿಂದ ಎಡಪಂಥಕ್ಕೆ ತಪ್ಪಿದ ಒಂದು ವೋಟು ಗಂಡಸಿನದ್ದು. ಒಂದು ಮನೆಯ ಕಥೆಯಿಂದ ದೇಶದ ಲೆಕ್ಕ ಮಾಡೋಕಾಗಲ್ಲ, ಒಪ್ಪುತ್ತೀನಿ. ಆದರೆ ಪೆಟ್ಟಿಗೆಯೊಳಗಿನ ಚೀಟಿಗೆ ಗಂಡು ಹೆಣ್ಣು ಅಂತ ಗುರುತಿರೋದಿಲ್ಲ. ಹೆಂಗಸರೇ ಸೋಲಿಸಿದರು ಅಂದವರ ಕೈಯಲ್ಲೂ ಅಂಥ ಲೆಕ್ಕ ಇರಲಿಲ್ಲ.

ಇನ್ನೊಂದು ವಿಷಯವನ್ನು ನಿಮ್ಮ ಆಫೀಸಿನವರಿಗೆ ಹೇಳಿ. 1933ರಲ್ಲಿ ಗೆದ್ದ ಐದು ಹೆಂಗಸರಲ್ಲಿ ನಾಲ್ವರು ಸಮಾಜವಾದಿಗಳು, ಒಬ್ಬರು ಮಾತ್ರ ಬಲಪಂಥದವರು. ಮತ್ತೆ 1936ರ ಫೆಬ್ರವರಿ 16ಕ್ಕೆ ಚುನಾವಣೆ ನಡೆದಾಗ, ಅದೇ ಹೆಂಗಸರು ವೋಟು ಹಾಕಿದ್ದಾರೆ, ಎಡಪಂಥ ಈ ಸಲ ಒಂದಾಗಿ ನಿಂತಿದೆ, ಗೆದ್ದಿದೆ. ಮೂರು ವರ್ಷದೊಳಗೆ ಹೆಂಗಸರು ಬದಲಾದರಾ, ಪಟ್ಟಿ ಬದಲಾಯಿತಾ?

---

ಎದುರು ಬೆಂಚು ಬರೆದದ್ದು:

ದುಭಾಷಿಯವರೇ, ಚೆನ್ನಾಗಿ ಬರೆದಿದ್ದೀರಿ, ಬಹಳಷ್ಟು ಒಪ್ಪುತ್ತೀನಿ. ಆದರೆ ವಿಕ್ಟೋರಿಯಾ ಕೆಂಟ್ ಬಗ್ಗೆ ಎರಡು ಮಾತು ಹೇಳದೇ ಹೋದರೆ ಅನ್ಯಾಯ ಆಗುತ್ತೆ. ಈ ಕಥೆ ಹೇಳುವವರೆಲ್ಲ ಅವರನ್ನು ಖಳನಾಯಕಿ ಮಾಡಿಬಿಡುತ್ತಾರೆ.

1931ರಲ್ಲಿ ರಾಜ ದೇಶ ಬಿಟ್ಟು ಇನ್ನೂ ಆರು ತಿಂಗಳಾಗಿರಲಿಲ್ಲ. ಹಳ್ಳಿಗಳಲ್ಲಿ ಹೆಂಗಸರಿಗೆ ಇದ್ದ ಒಂದೇ ಸಾರ್ವಜನಿಕ ಜಾಗ ಅಂದರೆ ಚರ್ಚು. ಚರ್ಚು ರಿಪಬ್ಲಿಕ್ಕಿನ ಮೇಲೆ ಬಹಿರಂಗವಾಗಿ ಮುನಿಸಿಕೊಂಡಿತ್ತು. ಬಲಪಂಥದವರು ಹೆಂಗಸರ ವೋಟಿನ ಪರ ಕೈ ಎತ್ತಿದ್ದು ಸಮಾನತೆಯ ಪ್ರೀತಿಯಿಂದಲಾ? ಅವರೂ ಅದೇ ಲೆಕ್ಕ ಹಾಕಿದ್ದರು, ಕೆಂಟ್ ಹಾಕಿದ್ದ ಲೆಕ್ಕವನ್ನೇ. ಈಗಷ್ಟೇ ಹುಟ್ಟಿದ ಮಗುವನ್ನು ಚಳಿಗೆ ಒಡ್ಡೋದು ಬೇಡ ಅಂದ ತಾಯಿಯ ಮಾತು ಅದು. ಅದೂ ತನ್ನ ಜೀವಮಾನದ ನಂಬಿಕೆಗೆ ವಿರುದ್ಧವಾಗಿ, ಎಲ್ಲರೆದುರು.

ಅವರ ಕೆಲಸವನ್ನೂ ನೋಡಿ. ರಿಪಬ್ಲಿಕ್ಕಿನ ಜೈಲುಗಳ ಮುಖ್ಯಸ್ಥೆಯಾಗಿ ಕೈದಿಗಳ ಸಂಕೋಲೆ, ಸರಪಳಿಗಳನ್ನು ತೆಗೆಸಿ, ಆ ಕಬ್ಬಿಣ ಕರಗಿಸಿ, ಜೈಲು ಸುಧಾರಣೆಗೆ ದುಡಿದ ಕನ್ಸೆಪ್ಸಿಯೊನ್ ಅರೆನಾಲ್ ಅವರ ಪ್ರತಿಮೆ ಮಾಡಿಸಿದವರು ಅವರು. ಇಂಥವರು ಹೆಂಗಸರ ಶತ್ರು ಆಗೋಕೆ ಸಾಧ್ಯವಾ?

---

ದುಭಾಷಿ ಬರೆದದ್ದು:

ಎದುರು ಬೆಂಚಿನವರೇ, ನೀವು ಹೇಳಿದ್ದು ಸರಿ. ಕೆಂಟ್ ಶತ್ರು ಅಲ್ಲ, ನಾನೂ ಹಾಗೆ ಭಾವಿಸಿಲ್ಲ. ಸರಪಳಿ ಕರಗಿಸಿದ ಕಥೆ ನನಗೂ ತುಂಬ ಇಷ್ಟ. ಅವರಿಬ್ಬರನ್ನು ಎದುರುಬದುರು ನಿಲ್ಲಿಸಿ ಮಜಾ ತಗೊಂಡದ್ದು ಅವತ್ತಿನ ಪತ್ರಿಕೆಗಳು. ಇರೋದೇ ಇಬ್ಬರು, ಅವರಿಬ್ಬರಿಗೇ ಒಮ್ಮತ ಇಲ್ಲ, ಐವತ್ತು ಹೆಂಗಸರು ಬಂದರೆ ಗತಿಯೇನು ಅನ್ನೋ ಥರದ ಲೇವಡಿ. ನಾನೂರಕ್ಕೂ ಮೇಲೆ ಗಂಡಸರು ದಿನಾ ಜಗಳವಾಡುತ್ತಿದ್ದ ಸಭೆಯ ಬಗ್ಗೆ ಈ ಮಾತು!

ಆದರೆ ವಾದದಲ್ಲಿ ನಾನು ಕ್ಲಾರಾ ಕಡೆಯೇ. ಬಲಪಂಥದವರ ಲೆಕ್ಕಾಚಾರ ಏನೇ ಇರಲಿ, ಹಕ್ಕನ್ನು ಕೊಡೋದು ಬಿಡೋದು, ಅದನ್ನು ಹೇಗೆ ಬಳಸುತ್ತಾರೆ ಅನ್ನೋದರ ಮೇಲೆ ನಿಂತರೆ ಅದು ಹಕ್ಕೇ ಅಲ್ಲ. ಪಾದ್ರಿಯ ಮಾತು ಕೇಳೋ ಗಂಡಸು ಸ್ಪೇನಿನಲ್ಲಿ ಬೇಕಾದಷ್ಟಿದ್ದರು. ಅವರ ವೋಟು ಮುಂದೂಡೋಣ ಅಂತ ಯಾರೂ ತಿದ್ದುಪಡಿ ತರಲಿಲ್ಲ. ಅಸಾನ್ಯಾ ತಮ್ಮ ದಿನಚರಿಯಲ್ಲಿ ಈ ಅಧಿವೇಶನದ ಬಗ್ಗೆ ಬರೆದಿದ್ದಾರೆ: ಕಾಂಪೊಅಮೋರ್ ಕೆಂಟ್‌ಗಿಂತ ಜಾಣೆ, ಮಾತುಗಾರ್ತಿ, ಆದರೆ ಹೆಚ್ಚು ಹಿಡಿಸದವಳು ಅಂತ. ಅದರ ಜೊತೆಗೇ, ಆಕೆ ಹೇಳಿದ್ದೇ ಸರಿ, ನಮಗೆ ವೋಟು ಹಾಕಲಾರರು ಅನ್ನೋ ಅನುಮಾನಕ್ಕೆ ಹೆಂಗಸರ ಹಕ್ಕು ತಡೆಯೋದು ಘೋರ ಅಂತಲೂ ಬರೆದುಕೊಂಡಿದ್ದಾರೆ. ಅವರ ಪಕ್ಷ ಮಾತ್ರ ವಿರುದ್ಧವೇ ಮತ ಹಾಕಿತು. ನನಗೆ ಇದನ್ನು ಓದಿದಾಗ ನಿಜಕ್ಕೂ ಬೇಜಾರಾಯಿತು. ಒಳಗೆ ಸರಿ ಅಂತ ಗೊತ್ತಿದ್ದವರು ಎಷ್ಟು ಜನ ಇದ್ದರೋ ಆ 188ರಲ್ಲಿ.

'ಹಿಡಿಸದವಳು' ಅನ್ನೋ ಮಾತಿನ ಬಗ್ಗೆಯೂ ಹೇಳಬೇಕು. ಕೋರ್ಟಿನಲ್ಲಿ ನಾನು ದಿನಾ ನೋಡ್ತೀನಿ. ಸಾಕ್ಷಿ ಹೇಳೋ ಹೆಂಗಸು ಅಳುತ್ತಾ ಹೇಳಿದರೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ತಾರೀಖು, ಮೊತ್ತ, ಸಮಯ ಎಲ್ಲ ನೆಟ್ಟಗೆ ಹೇಳಿದರೆ ಮುಖ ಗಂಟಾಗುತ್ತೆ. ಕ್ಲಾರಾ 73,082 ಅಂದಾಗ ಆ ಬೆಂಚುಗಳಲ್ಲಿ ಮುಖಗಳು ಹೇಗಾಗಿರಬೇಕು ಅಂತ ನನಗೆ ಕಣ್ಣಿಗೆ ಕಟ್ಟುತ್ತೆ.

---

ಮಸಿ ಬಾಟಲಿ ಬರೆದದ್ದು:

ಸೀಟು ಹೋದ ಮೇಲೆ ಆಕೆಯ ಗತಿ ಏನಾಯಿತು? ಅಷ್ಟು ದೊಡ್ಡ ಕೆಲಸ ಮಾಡಿದವರನ್ನು 1936ರಲ್ಲಿ ಗೆದ್ದ ಎಡಪಂಥದವರಾದರೂ ವಾಪಸ್ ಕರೆಯಲಿಲ್ಲವಾ?

---

ದುಭಾಷಿ ಬರೆದದ್ದು:

ಕರೆಯಲಿಲ್ಲ. ಈ ಭಾಗ ಬರೆಯೋದು ನನಗೆ ಕಷ್ಟ.

1933ರಲ್ಲಿ ಸೋತ ಮೇಲೆ ಲೆರ್ರೂ ಸರ್ಕಾರದಲ್ಲಿ ಬಡವರ, ಅನಾಥರ ನೆರವಿನ ಇಲಾಖೆಗೆ ಮುಖ್ಯಸ್ಥೆಯಾದರು. 1934ರ ಅಕ್ಟೋಬರ್‌ನಲ್ಲಿ ಅಸ್ತೂರಿಯಸ್‌ನ ಗಣಿ ಕಾರ್ಮಿಕರು ದಂಗೆ ಎದ್ದರು, ಸೈನ್ಯ ಅದನ್ನು ಬಹಳ ಕ್ರೂರವಾಗಿ ಹತ್ತಿಕ್ಕಿತು. ಕ್ಲಾರಾ ಓವಿಯೆದೊಗೆ ಹೋಗಿ, ತಂದೆಯರನ್ನು ಕಳೆದುಕೊಂಡ ಮಕ್ಕಳ ನೆರವಿಗೆ ನಿಂತರು. ಇಲಾಖೆಯ ಹುದ್ದೆಯನ್ನು ಬಿಟ್ಟರು, ಆಮೇಲೆ ಪಕ್ಷವನ್ನೂ ಬಿಟ್ಟರು. ಸೇದಾ ಜೊತೆ ಕೈಜೋಡಿಸಿದ ಪಕ್ಷ ತಾನು ಸೇರಿದ ಪಕ್ಷವಲ್ಲ ಅನ್ನೋದು ಆಕೆಯ ನಿಲುವು.

ಆಮೇಲೆ ಅಸಾನ್ಯಾ ಅವರ ಹೊಸ ಪಕ್ಷ ಇಸ್ಕಿಯೆರ್ದಾ ರಿಪಬ್ಲಿಕಾನಾಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದರು. ಸದಸ್ಯರು ಗುಪ್ತವಾಗಿ ಮತ ಹಾಕಿದರು, ಬಿಳಿ ಗೋಲಿ ಅಂದರೆ ಬೇಕು, ಕರಿ ಗೋಲಿ ಅಂದರೆ ಬೇಡ. ಬಿಳಿ 68, ಕರಿ 183. ಹೆಂಗಸರ ವೋಟಿನಿಂದ ನಾವು ಸೋತೆವು ಅನ್ನೋ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮೂಲ ಪ್ರಶ್ನೆ ಕೇಳಿದವರ ಆಫೀಸಿನಲ್ಲಿ ಊಟದ ಮೇಜಿನಲ್ಲಿ ಹೇಳಿದ್ದು ಅದೇ ಮಾತು, ತೊಂಬತ್ತು ವರ್ಷ ದಾಟಿ ಬಂದಿದೆ. 1936ರಲ್ಲಿ ಕ್ಲಾರಾ ತಮ್ಮ ಹೋರಾಟದ ಬಗ್ಗೆ ಪುಸ್ತಕ ಬರೆದಾಗ, ಮಹಿಳಾ ಮತವನ್ನು 'ನನ್ನ ಮಹಾಪಾಪ' ಅಂತ ಶೀರ್ಷಿಕೆಯಲ್ಲೇ ಕರೆದರು.

ಪುಸ್ತಕ ಬಂದ ಸ್ವಲ್ಪ ದಿನಕ್ಕೆ ಅಂತರ್ಯುದ್ಧ. ಸೆಪ್ಟೆಂಬರ್‌ನಲ್ಲಿ ವಯಸ್ಸಾದ ತಾಯಿಯನ್ನು ಕರೆದುಕೊಂಡು ಅಲಿಕಾಂತೆಯಿಂದ ಜರ್ಮನ್ ಹಡಗು ಹತ್ತಿ ಜಿನೋವಾಗೆ, ಅಲ್ಲಿಂದ ಸ್ವಿಟ್ಜರ್ಲೆಂಡ್‌ಗೆ. ಹಡಗಿನಲ್ಲಿದ್ದ, ಫಲಾಂಹೆ ಅನ್ನೋ ಫ್ಯಾಸಿಸ್ಟ್ ಪಕ್ಷದ ಕೆಲವು ಯುವಕರು ಆಕೆಯನ್ನು ಸಮುದ್ರಕ್ಕೆ ತಳ್ಳೋ ಸಂಚು ಮಾಡಿದ್ದರಂತೆ. ಆಕೆಯೇ ಬರೆದಿದ್ದಾರೆ. ಒಂದು ಕಡೆಯವರಿಗೆ ಆಕೆ ರಿಪಬ್ಲಿಕನ್, ಇನ್ನೊಂದು ಕಡೆಯವರಿಗೆ ಬೇಡದವಳು. ಮ್ಯಾಡ್ರಿಡ್‌ನ ಬೀದಿಗಳಲ್ಲಿ ನಡೆಯುತ್ತಿದ್ದ ಕೊಲೆಗಳನ್ನು ಆಕೆ ಒಪ್ಪಲಿಲ್ಲ, ಅದನ್ನು ಬರೆದು ಪ್ಯಾರಿಸ್‌ನಲ್ಲಿ 1937ರಲ್ಲಿ ಅಚ್ಚು ಹಾಕಿಸಿದರು. ಹೀಗಾಗಿ ಗಡೀಪಾರಾದವರ ನಡುವೆಯೂ ಆಕೆಗೆ ಹೆಚ್ಚು ಗೆಳೆಯರು ಉಳಿಯಲಿಲ್ಲ.

1938ರಿಂದ ಬ್ಯೂನಸ್ ಐರಿಸ್. ಅಲ್ಲಿ ಅನುವಾದ, ಉಪನ್ಯಾಸ, ಜೀವನಚರಿತ್ರೆ ಬರೆದು ಬದುಕಿದರು. ಸ್ಪೇನಿಗೆ ಮರಳಲು ಪ್ರಯತ್ನ ಪಟ್ಟಾಗ ಅಂತರ್ಯುದ್ಧ ಗೆದ್ದ ಸರ್ವಾಧಿಕಾರಿ ಫ್ರಾಂಕೊನ ಆಡಳಿತ, ಫ್ರೀಮೇಸನ್ ಅನ್ನೋ ಗುಪ್ತ ಸಂಘದ ಸದಸ್ಯೆಯಾಗಿದ್ದ ಕೇಸು ಮುಂದಿಟ್ಟಿತು: ಜೊತೆಗಿದ್ದವರ ಹೆಸರು ಕೊಡಬೇಕು, ಇಲ್ಲ ಅಂದರೆ 12 ವರ್ಷ ಜೈಲು. ಹೆಸರು ಕೊಡಲಿಲ್ಲ, ಮರಳಲೂ ಇಲ್ಲ.

1955ರಲ್ಲಿ ಸ್ವಿಟ್ಜರ್ಲೆಂಡ್‌ನ ಲೋಸಾನ್‌ಗೆ, ಅಲ್ಲಿನ ವಕೀಲೆ ಆಂತ್ವಾನೆತ್ ಕಾಂಶ್ ಅವರ ಜೊತೆ ಇರಲು ಹೋದರು. ಈಗ ನಾನು ಹೇಳೋದನ್ನು ಸಾವಕಾಶವಾಗಿ ಓದಿ. 1955ರಲ್ಲಿ ಸ್ವಿಟ್ಜರ್ಲೆಂಡ್‌ನ ಹೆಂಗಸರಿಗೆ ವೋಟು ಇರಲಿಲ್ಲ! ಆ ಗೆಳತಿ ಕಾಂಶ್ ಅಲ್ಲಿನ ಮಹಿಳಾ ಮತದ ಹೋರಾಟದ ಮುಂಚೂಣಿಯವರು. ಲೋಸಾನ್ ಇರೋ ವೋ ಕ್ಯಾಂಟನ್ (ಅಲ್ಲಿನ ರಾಜ್ಯ) 1959ರಲ್ಲಿ ಮೊದಲು ಒಪ್ಪಿತು, ಇಡೀ ದೇಶ ಒಪ್ಪಿದ್ದು 1971ರ ಫೆಬ್ರವರಿ 7ಕ್ಕೆ. ಸ್ಪೇನಿನಲ್ಲಿ ತಾನು ನಲವತ್ತು ವರ್ಷ ಹಿಂದೆ ಗೆದ್ದುಕೊಟ್ಟು, ಆಮೇಲೆ ಫ್ರಾಂಕೊ ಎಲ್ಲರ ಕೈಯಿಂದಲೂ ಕಿತ್ತುಕೊಂಡ ಹಕ್ಕು, ತಾನು ವಾಸವಿದ್ದ ದೇಶದ ಹೆಂಗಸರಿಗೆ ಬಂದದ್ದನ್ನು ನೋಡಲು ಆಕೆ ಇದ್ದರು. ಆಗ ವಯಸ್ಸು ಎಂಬತ್ತಮೂರರ ಹೊಸ್ತಿಲು, ದೃಷ್ಟಿ ಮಂದವಾಗಿತ್ತು. ಮರುವರ್ಷ, 1972ರ ಏಪ್ರಿಲ್ 30ರಂದು ತೀರಿಕೊಂಡರು. ಫ್ರಾಂಕೊ ಸತ್ತದ್ದು 1975ಕ್ಕೆ.

ಅಸ್ಥಿ ಮಾತ್ರ ದೇಶಕ್ಕೆ ಮರಳಿತು. ಸಾನ್ ಸೆಬಾಸ್ಟಿಯನ್‌ನ ಪೊಯೋಎ ಸ್ಮಶಾನದಲ್ಲಿದೆ. ಹುಡುಗಿಯಾಗಿ ಟೆಲಿಗ್ರಾಫ್ ಕೆಲಸ ಮಾಡಿದ ಊರು, ರಿಪಬ್ಲಿಕ್ ಘೋಷಣೆಯಾದ ದಿನ ಆಕೆ ಇದ್ದ ಊರು ಅದು. ನಾನು ಒಮ್ಮೆ ಹೋಗಿದ್ದೆ. ಮಳೆ ಬರ್ತಿತ್ತು, ಹೂವು ಒಯ್ಯೋಕೆ ಮರೆತಿದ್ದೆ, ಚೀಲದಲ್ಲಿ ಇದ್ದದ್ದು ಕೋರ್ಟಿನ ಟಿಪ್ಪಣಿ ಪುಸ್ತಕ ಒಂದೇ. ಅದರಲ್ಲಿ 161, 121 ಅಂತ ಬರೆದು, ಹಾಳೆ ಹರಿದು ಕಲ್ಲಿನ ಕೆಳಗೆ ಇಟ್ಟು ಬಂದೆ.

---

ಬೆಳಗಿನ ಟ್ರೈನು ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ದುಭಾಷಿಯವರೇ, ನಿಮ್ಮ ಉತ್ತರವನ್ನು ನಿನ್ನೆ ರೈಲಿನಲ್ಲಿ ಎರಡು ಸಲ ಓದಿದೆ. ಸಂಜೆ ಮಾರ್ಕೆಸ್ ದೆ ಸಾಂತಾ ಆನಾ ಬೀದಿಗೂ ಹೋಗಿ ಬಂದೆ. ಇಕ್ಕಟ್ಟಾದ ಬೀದಿ, ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಹಾಕಿದ್ದರು. ಹೊಲಿಗೆಯವರ ಮಗಳು ಇಲ್ಲಿಂದ ಹೊರಟು ಆ ಸಭೆಗೆ ಹೋದರಲ್ಲ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಇವತ್ತು ಊಟದ ಹೊತ್ತಲ್ಲಿ ಐದರಲ್ಲಿ ನಾಲ್ವರು ಸಮಾಜವಾದಿ ಹೆಂಗಸರ ವಿಷಯ, 1936ರ ವಿಷಯ ಹೇಳಿದೆ. ಮೊದಲು ಹೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮಜ್ಜ ಯಾವಾಗಲೂ ಹಾಗೆ ಹೇಳ್ತಿದ್ದರು' ಅಂದರು. ಅಜ್ಜಿ ಏನು ಹೇಳ್ತಿದ್ದರು ಅಂತ ಪಕ್ಕದಲ್ಲಿದ್ದವರು ಕೇಳಿದ್ದಕ್ಕೆ, ಕೇಳಿಲ್ಲ ಅಂದರು.

ಒಂದು ಕೊನೇ ಪ್ರಶ್ನೆ. ಆ ಅಕ್ಟೋಬರ್ 1ರ ವರದಿ ನನಗೂ ಓದಬೇಕು ಅನ್ನಿಸಿದೆ. ನನ್ನ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಎಲ್ಲಿಂದ ಶುರು ಮಾಡಲಿ?

---

ದುಭಾಷಿ ಬರೆದದ್ದು:

ಇಲ್ಲಿನ ಸಂಸತ್ತಿನ ವೆಬ್‌ಸೈಟಿನಲ್ಲಿ ಹಳೆಯ ಕಲಾಪಗಳು ಸ್ಕ್ಯಾನ್ ಆಗಿವೆ, ತಾರೀಖು ಹಾಕಿ ಹುಡುಕಿ. ನೇರ ಕ್ಲಾರಾ ಭಾಷಣಕ್ಕೆ ಹೋಗಬೇಡಿ. ಮೊದಲು ಕೆಂಟ್ ಮಾತಾಡಿದ್ದನ್ನು ಪೂರ್ತಿ ಓದಿ, ಎದುರು ಬೆಂಚಿನವರು ಹೇಳಿದ ಹಾಗೆ ಅವರ ಮಾತಿಗೂ ಕಿವಿಗೊಡಿ. 'ಇವರು ಹೇಳೋದೂ ಸರಿ ತಾನೇ' ಅಂತ ನಿಮಗೆ ಅನ್ನಿಸೋವರೆಗೆ ಓದಿ, ಆಮೇಲೆ ಕ್ಲಾರಾಗೆ ಬನ್ನಿ. ಜೋರಾಗಿ ಓದಿ. ವಾಕ್ಯಗಳು ಉದ್ದ, ಆದರೆ ಬಾಯಿಬಿಟ್ಟು ಓದಿದರೆ ಎಲ್ಲಿ ಉಸಿರು ತಗೋಬೇಕು ಅಂತ ತಾನಾಗಿ ಗೊತ್ತಾಗುತ್ತೆ. ಅರ್ಥ ಆಗದ ಸಾಲು ಸಿಕ್ಕರೆ ಇಲ್ಲೇ ಹಾಕಿ, ಕನ್ನಡಕ್ಕೆ ತಂದು ಕೊಡ್ತೀನಿ.